ಉರಿಗೆ ಚಕ್ಕೋತ

ನನ್ನ ಬಾಯಿ ಸರಿಯಿಲ್ಲ. ಚಿನ್ನದ ಗಣಿಯಿದ್ದ ಚಾಂಪಿಯನ್ ರೀಫ್ಸಿನ ನಮ್ಮ ಸಾಲುಮನೆಗಳ ಲೈನಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಅಆಇಈ ಹೇಳಿಕೊಡುವ ಬಾಯಿ ನಲ್ಲಿ ಹತ್ತಿರ ನಿಂತರೆ ಬೇರೆಯೇ ಆಗುತ್ತದೆ. ಹಾಲಿಗೆ ನೀರು ಹಾಕಿದವನನ್ನು, ನಮ್ಮ ಸೂಪರ್‌ವೈಸರನ್ನು, ಕಟ್ಟಿಕೊಂಡ ಗಂಡನನ್ನು, ಗಂಡನ ಅಣ್ಣನನ್ನು, ಯಾರನ್ನೂ ಬಿಟ್ಟವಳಲ್ಲ ನಾನು. ಬೈಯುತ್ತಿದ್ದೇನೆ ಅಂದರೆ ಮನೆಯಲ್ಲಿ ಎಲ್ಲ ಕ್ಷೇಮ ಅಂತ ಅರ್ಥ. ಮೆತ್ತಗೆ ಮಾತಾಡಿದರೆ ಎಲ್ಲರೂ ಗಾಬರಿಯಾಗಿ ಮುಖ ನೋಡುತ್ತಾರೆ. ನಮ್ಮನೆಯವರು ಇದನ್ನೇ ಆಡಿಕೊಂಡು ನಗುತ್ತಿದ್ದರು: "ಟೀಚರಮ್ಮ ನೈಸಾಗಿ ಮಾತಾಡ್ತಾವ್ಳೆ ಅಂದ್ರೆ ಸುಳ್ಳು ಏಳ್ತಾವ್ಳೆ ಅಂತಾನೇ ಲೆಕ್ಕ." ಅವರ ಅಣ್ಣನ ಎದುರಿಗೂ ಹೇಳುತ್ತಿದ್ದರು. ಆಗ ನಾನೂ ನಗುತ್ತಿದ್ದೆ.

ನಮ್ಮನೆಯವರು ಪ್ಲಂಬರ್. ಗಣಿ ಮುಚ್ಚಿದ ಮೇಲೆ ಈ ಊರಿನ ಗಂಡಸರು ಮಾಡಿದ್ದನ್ನೇ ಅವರೂ ಮಾಡಿದರು. ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುವುದು, ಯಾರದೋ ಹೊಸ ಕಟ್ಟಡದ ಬಚ್ಚಲಿಗೆ ಪೈಪು ಕೂರಿಸುವುದು, ಸಂಜೆ ರೈಲಿಗೆ ವಾಪಸ್ಸು ಬರುವುದು. ಅವರ ಅಪ್ಪ ಬೂದಿಕೋಟೆ ಕಡೆಯಿಂದ ಗಣಿ ಕೆಲಸಕ್ಕೆ ಬಂದವರು. ಎದೆಯಲ್ಲಿ ಧೂಳು ತುಂಬಿಕೊಂಡು ಬೇಗ ಹೋಗಿಬಿಟ್ಟರು. ಆಗ ನಮ್ಮನೆಯವರಿನ್ನೂ ಚಡ್ಡಿ ಹಾಕುವ ಹುಡುಗ. ಹಳ್ಳಿಯಲ್ಲಿ ಹಸು, ಹೊಲ ನೋಡಿಕೊಂಡಿದ್ದ ಅಣ್ಣ, ಅಂದರೆ ನಮ್ಮ ಭಾವ, ತಮ್ಮನನ್ನು ಸಾಕಿ, ಕೆಲಸಕ್ಕೆ ಹಚ್ಚಿ, ನನ್ನನ್ನು ನೋಡಿ ತಂದು ಮದುವೆ ಮಾಡಿದರು. ತಮ್ಮನ ಮೀಸೆ ನರೆತರೂ ಭಾವ ಕರೆಯುತ್ತಿದ್ದದ್ದು "ಲೇ ಮಗಾ" ಅಂತಲೇ.

ಎದೆನೋವು ಬಂದದ್ದು ರೈಲಿನಲ್ಲಿ. ಚಾಂಪಿಯನ್ ಸ್ಟೇಷನ್ನಿನಲ್ಲಿ ಹತ್ತುವಾಗಲೇ ಎಡಗೈ ಸೆಳೆಯುತ್ತಿತ್ತಂತೆ. ಗ್ಯಾಸು ಅಂದುಕೊಂಡು ಸುಮ್ಮನೆ ಕೂತಿದ್ದಾರೆ. ಬಂಗಾರಪೇಟೆ ಬರುವಷ್ಟರಲ್ಲಿ ಅಂಗಿಯೆಲ್ಲ ಬೆವರಿನಲ್ಲಿ ತೊಯ್ದುಹೋಗಿದೆ. ಜೊತೆಗಿದ್ದ ಗಾರೆ ಕೆಲಸದವರು ಎತ್ತಿ ಇಳಿಸಿ, ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಇಂಜೆಕ್ಷನ್ ಕೊಟ್ಟು ಆಂಬುಲೆನ್ಸಿನಲ್ಲಿ ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಗೆ ಕಳಿಸಿದರು. ಫೋನು ಬಂದಾಗ ನಾನು ಅಂಗನವಾಡಿಯಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಹಾಲು ಕೊಡುತ್ತಿದ್ದೆ. ಹಾಲಿನ ಲೋಟ ಕೈಯಲ್ಲಿ ಹಿಡಿದುಕೊಂಡೇ ರಸ್ತೆಗೆ ಓಡಿದೆ ಅಂತ ಆಯಾ ಆಮೇಲೆ ಹೇಳಿದಳು. ನನಗೆ ಅದ್ಯಾವುದೂ ನೆನಪಿಲ್ಲ.

ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ವಾರ್ಡಿಗೆ ತಂದ ಮೇಲೆ ನಮ್ಮನೆಯವರು ಆಡಿದ ಮೊದಲ ಮಾತು, "ಪೈಪಿಗೆ ಸ್ಪ್ರಿಂಗ್ ಆಕವ್ರೆ ಕಣೇ, ಇನ್ನೇನೂ ಇಲ್ಲ." ನಾನು ವಾರ್ಡೆಲ್ಲ ಕೇಳುವ ಹಾಗೆ ಬೈದೆ. ನೋವಿದ್ದರೂ ರೈಲು ಹತ್ತಿದ್ದಕ್ಕೆ, ಬೀಡಿಗೆ, ಹಂದಿ ಮಾಂಸಕ್ಕೆ, ಎಲ್ಲದಕ್ಕೂ ಸೇರಿಸಿ ಬೈದೆ. ಭಾವ ಕಾಲ ಹತ್ತಿರ ನಿಂತು, "ಬೈಯಮ್ಮಾ, ಚೆನ್ನಾಗಿ ಬೈಯಿ, ನಾನು ಬೈದ್ರೆ ಕೇಳಾಕಿಲ್ಲ ಇವನು" ಅಂತ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಎರಡು ದಿನ ಕಳೆದ ಮೇಲೆ ಒಬ್ಬಳು ಹುಡುಗಿ ಫೈಲು ಹಿಡಿದು ಬಂದಳು. ಔಷಧಿ ಪರೀಕ್ಷೆ ಮಾಡುವ ಸ್ಟಡಿಯವಳು. ನಾವು ಅವಳಿಗೆ ಇಟ್ಟ ಹೆಸರು ಮಾತ್ರೆ ಮೇಡಂ. ಒಳ್ಳೆಯ ಹುಡುಗಿ, ತಾಳ್ಮೆಯಿಂದ ಹೇಳಿದಳು. ಹಾರ್ಟ್ ಅಟ್ಯಾಕ್ ಆದ ಮೇಲೆ ಬ್ಲಾಕ್ ತೆಗೆದರೂ ಆ ರಕ್ತನಾಳದ ಗೋಡೆಯಲ್ಲಿ ಉರಿಯೂತ ಉಳಿದುಬಿಡುತ್ತದೆ. ಅದರಿಂದ ಮತ್ತೆ ಬ್ಲಾಕ್ ಆಗಬಹುದು. ಕೀಲುನೋವಿಗೆ ಕೊಡುವ ಒಂದು ಹಳೆಯ ಮಾತ್ರೆ ಇದೆ, ಅದು ಈ ಉರಿಯೂತವನ್ನೂ ಇಳಿಸುತ್ತದಾ ಅಂತ ನೋಡುತ್ತಿದ್ದೇವೆ. ಸೇರಿದವರಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ. ಉಳಿದ ಅರ್ಧ ಜನಕ್ಕೆ ನೋಡಲು ಹಾಗೇ ಇರುವ, ಒಳಗೆ ಔಷಧಿಯಿಲ್ಲದ ಮಾತ್ರೆ.

"ಬ್ಲಾಕ್ ತೆಗೆದ್ಮೇಲೂ ಪೈಪಿಗೆ ಊತ ಬತ್ತದಾ ಮೇಡಂ?" ನಮ್ಮನೆಯವರು ಕೇಳಿದರು.

"ಇದು ಜೀವ ಇರೋ ಪೈಪು ಅಲ್ವಾ, ಬರುತ್ತೆ."

"ನಂಗೆ ಯಾವ್ದು ಕೊಡ್ತೀರ?"

"ಅದು ಕಂಪ್ಯೂಟರ್ ತೀರ್ಮಾನ ಮಾಡುತ್ತೆ. ನನಗೂ ಗೊತ್ತಾಗಲ್ಲ, ಡಾಕ್ಟರಿಗೂ ಗೊತ್ತಾಗಲ್ಲ."

ನನಗೆ ರೇಗಿತು. "ಕೊಡೋರಿಗೇ ಗೊತ್ತಿಲ್ಲ ಅಂದರೆ ಇದೇನು ಕಣ್ಣಾಮುಚ್ಚಾಲೆನಾ ತಾಯಿ? ಮನುಷ್ಯನ ಜೀವ ಇದು" ಅಂದೆ. ಗೊತ್ತಿದ್ದರೆ ಮನಸ್ಸೇ ವಾಸಿಯಾಯಿತು ಅಂದುಬಿಡುತ್ತದೆ, ಆಗ ಮಾತ್ರೆಯ ಗುಣ ಯಾವುದು, ಮನಸ್ಸಿನ ಆಟ ಯಾವುದು ತಿಳಿಯುವುದಿಲ್ಲ ಅಂತ ಅವಳು ಬಿಡಿಸಿ ಹೇಳಿದಳು. ಬೇರೆ ಮಾತ್ರೆಗಳೆಲ್ಲ ತಪ್ಪದೆ ನಡೆಯುತ್ತವೆ, ಇಷ್ಟವಿಲ್ಲದಿದ್ದರೆ ಸೇರಬೇಕಿಲ್ಲ, ಯಾವಾಗ ಬೇಕಾದರೂ ಬಿಡಬಹುದು ಅಂತಲೂ ಹೇಳಿದಳು. ನಮ್ಮನೆಯವರು ಭಾವನ ಮುಖ ನೋಡಿದರು. ಭಾವ ತಲೆಯಾಡಿಸಿದರು. "ಆಗ್ಲಿ ಮೇಡಂ, ಸಪ್ಪೆ ಮಾತ್ರೆ ಬಂದ್ರೆ ಉಪ್ಪು ಆಕ್ಕೊಂಡು ತಿಂತೀನಿ" ಅಂತ ನಗಿಸಿ ರುಜು ಹಾಕಿದರು. ಆವತ್ತಿನಿಂದ ನಮ್ಮ ಮನೆಯಲ್ಲಿ ಆ ಮಾತು ನಿಂತಿತು. ಔಷಧಿ ಇದ್ದದ್ದು ಅಸಲಿ, ಇಲ್ಲದ್ದು ಸಪ್ಪೆ.

ಹೋಗುವ ಮುಂಚೆ ಅವಳು ಕೊನೆಯ ಮಾತು ಓದಿ ಹೇಳಿದಳು: "ಈ ಮಾತ್ರೆ ತಗೊಳ್ಳೋವಾಗ ದ್ರಾಕ್ಷಿ ಹಣ್ಣು ತಿನ್ನಬಾರದು." ನಾವು ಮೂವರೂ ಕಿವಿಯಲ್ಲಿ ಬರೆದುಕೊಂಡ ಹಾಗೆ ಕೇಳಿಸಿಕೊಂಡೆವು. ದ್ರಾಕ್ಷಿ ಬೇಡ.

ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ನಾನೇ ಹೇಳಿದೆ, ಎದೆಯ ನರದಲ್ಲಿ ಉರಿಯೂತವಂತೆ ಅಂತ. ಆ ಪದದಲ್ಲಿ ಜನರಿಗೆ ಹಿಡಿಸಿದ್ದು ಉರಿ ಒಂದೇ. ಪಕ್ಕದ ಮನೆಯ ತಮಿಳಿನ ಅಕ್ಕ "ಒಡಂಬೆಲ್ಲಾ ಸೂಡು" ಅಂದಳು. ಹಿಂದಿನ ಲೈನಿನ ತೆಲುಗಿನ ಅಜ್ಜಿ "ವೇಡಿ ಚೇಸಿಂದಿ" ಅಂತ ತಲೆಗೆ ಹರಳೆಣ್ಣೆ ಹಚ್ಚಲು ಬಂದಳು. ಆಂಡರ್ಸನ್‌ಪೇಟೆಯಿಂದ ಬಂದ ಅವರ ಜೊತೆ ಕೆಲಸದವನು, "ಬಾಡಿ ಈಟು ಕಣಕ್ಕ, ಬರೀ ಈಟು" ಅಂದ. ಈ ಊರಿನಲ್ಲಿ ಮೂರು ಭಾಷೆಯ ಜನ ಮಾತು ಮಾತಿಗೂ ಜಗಳವಾಡುತ್ತಾರೆ, ಉಷ್ಣದ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ. ಉರಿ ಅಂದರೆ ಉಷ್ಣ. ಉಷ್ಣಕ್ಕೆ ತಂಪು ಮಾಡಬೇಕು. ನೆನೆಸಿದ ಮೆಂತ್ಯ ಬಂತು, ಎಳನೀರು ಬಂತು, ರಾಗಿ ಅಂಬಲಿ ಬಂತು. ಯಾವುದಕ್ಕೂ ನಾನು ಬೇಡ ಅನ್ನಲಿಲ್ಲ. ನಾನೂ ಇದೇ ಮಣ್ಣಿನವಳು, ಕಣ್ಣು ಉರಿದರೆ ಅಂಗಾಲಿಗೆ ಎಣ್ಣೆ ಹಚ್ಚಿಕೊಳ್ಳುವವಳು.

ಭಾವ ಮೊದಲ ಸಲ ಬಂದಾಗ ದ್ರಾಕ್ಷಿ ತಂದಿದ್ದರು. ಅವರ ಹೊಲದ ಪಕ್ಕದಲ್ಲೇ ಯಾರದೋ ದ್ರಾಕ್ಷಿ ತೋಟ. ಚೀಲ ಬಿಚ್ಚುತ್ತಲೇ ನಾನು ಹಾರಿಬಿದ್ದೆ. "ಭಾವ, ನಿಮಗೆ ಕಿವಿ ಇದೆಯೋ ಇಲ್ಲವೋ? ಆ ಹುಡುಗಿ ಏನು ಹೇಳಿದಳು?" ಭಾವ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಮರ್ತೇ ಓಯ್ತಲ್ಲಮ್ಮಾ" ಅಂತ ಅಷ್ಟನ್ನೂ ಲೈನಿನ ಮಕ್ಕಳಿಗೆ ಹಂಚಿ ಬಂದರು. ಒಂದು ಹಣ್ಣೂ ಮನೆಯೊಳಗೆ ಉಳಿಯದ ಹಾಗೆ ಚೀಲ ಕೊಡವಿದರು.

ಮುಂದಿನ ವಾರ ಬಂದಾಗ ಗೊಬ್ಬರದ ಚೀಲದ ತುಂಬ ಚಕ್ಕೋತ. ಅವರ ಕೊಟ್ಟಿಗೆಯ ಹಿಂದೆ ತಿಪ್ಪೆ ಪಕ್ಕದಲ್ಲಿ ಒಂದು ಚಕ್ಕೋತದ ಮರವಿದೆ, ಮಗುವಿನ ತಲೆಯಷ್ಟು ದೊಡ್ಡ ಹಣ್ಣು ಬಿಡುತ್ತದೆ. ಬೂದಿಕೋಟೆಯಲ್ಲಿ ಬಸ್ಸು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಅಷ್ಟು ಭಾರವನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದಿದ್ದರು. ಕೂತು ಉಸಿರು ಬಿಡುವ ಮುಂಚೆಯೇ ಕುಡುಗೋಲು ಕೇಳಿದರು. ದಪ್ಪ ಸಿಪ್ಪೆ ಸೀಳಿ, ಬೆಂಡು ಕಿತ್ತು, ತೊಳೆಯ ಮೇಲಿನ ಕಹಿ ಪೊರೆಯನ್ನು ಎಳೆ ಎಳೆಯಾಗಿ ಬಿಡಿಸಿ, ಕೆಂಪಗಿನ ತಿರುಳನ್ನು ತಮ್ಮನ ಅಂಗೈಗೆ ಇಟ್ಟರು.

"ತಿನ್ಲಾ ಮಗಾ. ಉರಿಗೆ ಇದನ್ನ ಬಿಟ್ರೆ ಇನ್ನೊಂದಿಲ್ಲ ಕಣ್ಲಾ. ನಮ್ಮವ್ವ ನಂಗೆ ಸಿಡುಬಮ್ಮ ಎದ್ದಾಗ ಇದನ್ನೇ ಕೊಟ್ಟಿದ್ದು."

"ಉಳಿ ಐತಣ್ಣ."

"ಉಳಿ ಇದ್ರೇನು, ತಂಪು. ಮುಚ್ಕೊಂಡು ತಿನ್ನು."

ನಮ್ಮನೆಯವರು ಮುಖ ಹಿಂಡಿಕೊಂಡು ತಿಂದರು. ಆಮೇಲೆ ಅದು ಅಭ್ಯಾಸವಾಯಿತು. ಹಣ್ಣು ಮುಗಿಯುವ ಹೊತ್ತಿಗೆ ಭಾವ ಮತ್ತೆ ಚೀಲ ಹೊತ್ತು ಬರುತ್ತಿದ್ದರು. ದೇವರ ಗೂಡಿನಲ್ಲಿ ಸ್ಟಡಿಯ ಮಾತ್ರೆ ಡಬ್ಬಿ, ಅದರ ಕೆಳಗೆ ಚಕ್ಕೋತದ ರಾಶಿ. ಬೆಳಿಗ್ಗೆ ತಿಂಡಿ ತಿಂದು ಮಾತ್ರೆ ನುಂಗಿ, ಮೇಲೆ ನಾಲ್ಕು ತೊಳೆ. ದ್ರಾಕ್ಷಿಯನ್ನಂತೂ ಕಣ್ಣಿನಿಂದಲೂ ನೋಡಲಿಲ್ಲ ನಾವು. ಪಾಯಸಕ್ಕೆ ಒಣದ್ರಾಕ್ಷಿ ಕೂಡ ಹಾಕಲಿಲ್ಲ.

ಮಾತ್ರೆ ಅಸಲಿಯೋ ಸಪ್ಪೆಯೋ ಅನ್ನುವುದೇ ಆಗ ನಮ್ಮ ಮನೆಯ ದೊಡ್ಡ ತಮಾಷೆ. ಒಂದು ದಿನ ನಮ್ಮನೆಯವರು ಮಾತ್ರೆಯನ್ನು ನಾಲಿಗೆ ಮೇಲೆ ಇಟ್ಟುಕೊಂಡು ಚಪ್ಪರಿಸಿ, "ಕಯಿ ಐತೆ ಕಣೇ, ಅಸಲಿ" ಅಂದರು. ನಾನೂ ನೆಕ್ಕಿ ನೋಡಿದೆ. ನನಗೆ ಏನೂ ಗೊತ್ತಾಗಲಿಲ್ಲ. "ನಿನ್ ನಾಲ್ಗೆ ಮೇಲೆ ಏನಿಟ್ರೂ ಗೊತ್ತಾಗಲ್ಲ ಬುಡು, ಖಾರದಲ್ಲಿ ಸತ್ತೋಗೈತೆ" ಅಂದರು. ನಿಧಾನಕ್ಕೆ ಓಡಾಡತೊಡಗಿದರು. ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆ ನಡೆದು ಬಂದು, ಎದೆ ಸವರಿಕೊಂಡು, "ಉರಿ ಇಳೀತಾ ಐತೆ" ಅನ್ನುತ್ತಿದ್ದರು. ನಾನು ನಂಬಿದೆ. ದೇವರಾಣೆ ನಂಬಿದೆ. ಈ ಮನುಷ್ಯ ಇನ್ನು ಮುದುಕನಾಗುವವರೆಗೂ ನನ್ನ ಕೈಲಿ ಬೈಸಿಕೊಂಡಿರುತ್ತಾನೆ ಅಂತ ಧೈರ್ಯವಾಗಿದ್ದೆ.

ಆಮೇಲೆ ಹೊಟ್ಟೆ ಕೆಟ್ಟಿತು. ಮೊದಲು ಒಂದೆರಡು ಸಲ ಹೋಗಿ ಬಂದರು. ಮಾರನೆಯ ದಿನ ಕೈಕಾಲಿನಲ್ಲಿ ಶಕ್ತಿಯೇ ಇಲ್ಲದ ಹಾಗೆ ಮಲಗಿಬಿಟ್ಟರು. ಭಾವ ಆವತ್ತು ಇಲ್ಲೇ ಇದ್ದರು. "ಉಷ್ಣ ಕಿತ್ಕೊಂಡು ಓಗ್ತಾ ಐತೆ, ಒಳ್ಳೇದೇ" ಅಂದರು. ನಾನು ಮಾತ್ರೆ ಮೇಡಂಗೆ ಫೋನು ಮಾಡಿದೆ. ಅವಳು ಒಂದೊಂದೇ ಕೇಳುತ್ತಾ ಹೋದಳು. ಹೊಸ ಮಾತ್ರೆ ಏನಾದರೂ? ಇಲ್ಲ. ನಾಟಿ ಔಷಧಿ? ಇಲ್ಲ. ಹಣ್ಣು?

"ದ್ರಾಕ್ಷಿ ಮುಟ್ಟಿಲ್ಲಮ್ಮ. ಚಕ್ಕೋತ ತಿಂತಾರೆ ಅಷ್ಟೆ, ದಿನಾ."

ಆ ಕಡೆ ಕಾಗದ ಮಗುಚಿದ ಸದ್ದು ಕೇಳಿಸಿತು. ಆಮೇಲೆ ಸಣ್ಣ ದನಿಯಲ್ಲಿ, "ಅಮ್ಮಾ, ಎರಡನ್ನೂ ಈಗಲೇ ನಿಲ್ಲಿಸಿ" ಅಂದಳು.

ವಿಷಯ ಏನೆಂದರೆ, ಇಂಗ್ಲಿಷಿನಲ್ಲಿ ಗ್ರೇಪ್‌ಫ್ರೂಟ್ ಅಂತ ಇತ್ತಂತೆ. ಅದು ದ್ರಾಕ್ಷಿಯೇ ಅಲ್ಲ, ಚಕ್ಕೋತದ ಜಾತಿಯದು. ಆ ಜಾತಿಯ ಹಣ್ಣು ಹೊಟ್ಟೆಯಲ್ಲಿದ್ದರೆ ಈ ಮಾತ್ರೆ ಕರಗಿ ಹೊರಗೆ ಹೋಗದೆ ರಕ್ತದಲ್ಲೇ ಸೇರಿಕೊಳ್ಳುತ್ತಾ ಹೋಗುತ್ತದಂತೆ, ಹೆಚ್ಚಾದರೆ ವಿಷವಂತೆ. ಯಾರೋ ಪುಣ್ಯಾತ್ಮ, ಗ್ರೇಪ್ ಅಂದರೆ ದ್ರಾಕ್ಷಿ, ಫ್ರೂಟ್ ಅಂದರೆ ಹಣ್ಣು ಅಂತ ಬೇಗ ಬೇಗ ಕನ್ನಡ ಮಾಡಿ ಎದ್ದು ಊಟಕ್ಕೆ ಹೋಗಿದ್ದಾನೆ. ಅವನು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದರೆ ಅವನ ಮನೆ ಬಾಗಿಲಲ್ಲಿ ನಿಂತು ಅವನ ಏಳು ತಲೆಮಾರನ್ನು ಜಾಲಾಡಿಸುತ್ತಿದ್ದೆ.

ಆಸ್ಪತ್ರೆಗೆ ಕರೆಸಿ ರಕ್ತ ತೆಗೆದು, ಡ್ರಿಪ್ ಹಾಕಿ, ಸ್ಟಡಿಯ ಮಾತ್ರೆ ಸದ್ಯಕ್ಕೆ ನಿಲ್ಲಿಸಿ ಕಳಿಸಿದರು. ಮಿಕ್ಕ ಮಾತ್ರೆಗಳು ನಡೆಯಲಿ, ಮುಂದಿನ ಸಲ ಬಂದಾಗ ಇದನ್ನು ಮತ್ತೆ ಶುರು ಮಾಡುವುದೋ ಬೇಡವೋ ನೋಡೋಣ ಅಂದರು. ಹೊಟ್ಟೆ ಸರಿಹೋಯಿತು. ಆದರೆ ಮನೆಗೆ ಬಂದ ದಿನ ಭಾವ ಒಳಗೆ ಬರಲಿಲ್ಲ, ಬಾಗಿಲ ಹತ್ತಿರ ಕುಕ್ಕರುಗಾಲಿನಲ್ಲಿ ಕೂತರು. ದೇವರ ಗೂಡಿನ ಕೆಳಗೆ ಇನ್ನೂ ಮೂರೋ ನಾಲ್ಕೋ ಹಣ್ಣು ಇದ್ದವು. ಅವುಗಳನ್ನೇ ನೋಡುತ್ತಿದ್ದರು.

"ನಾನೇ ಬಿಡಿಸಿ ಬಿಡಿಸಿ ತಿನ್ನಿಸ್ದೆನಲ್ಲಲಾ."

"ಬುಡಣ್ಣ" ಅಂತ ನಕ್ಕರು ನಮ್ಮನೆಯವರು. "ಒಂದು ಒಳ್ಳೇದಾಯ್ತು. ಅಣ್ಣು ತಿಂದಿದ್ಕೆ ಒಟ್ಟೆ ಕೆಡ್ತು ಅಂದ್ರೆ, ನಂಗೆ ಬಂದಿರೋದು ಅಸಲಿ ಮಾತ್ರೇನೇ ಅಂತ ಗೊತ್ತಾಯ್ತಲ್ಲ. ಸಪ್ಪೆ ಆಗಿದ್ರೆ ಒಟ್ಟೆ ಯಾಕೆ ಕೆಡ್ತಿತ್ತು?"

ನಗಿಸುವುದಕ್ಕೆ ಅಂದ ಮಾತು. ನಾನೂ ಹೌದಲ್ಲ ಅಂದುಕೊಂಡೆ. ಭಾವನ ತಲೆಗೆ ಮಾತ್ರ ಅದು ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ಅಸಲಿ ಮಾತ್ರೆ ಬಂದಿತ್ತು, ನನ್ನ ಹಣ್ಣಿನಿಂದ ಅದು ನಿಂತುಹೋಯಿತು.

ಮುಂದಿನ ಸಲ ಅನ್ನುವುದು ಬರಲೇ ಇಲ್ಲ. ನಮಗೆ ನೀರು ಬಿಡುವ ದಿನ, ಬೆಳಿಗ್ಗೆ, ಅಂಗಳದ ನಲ್ಲಿ ಸೋರುತ್ತಿದೆ ಅಂತ ನಾನು ಒಂದೇ ಸಮ ವಟಗುಟ್ಟುತ್ತಿದ್ದೆ. ಊರಿಗೆಲ್ಲ ನಲ್ಲಿ ಹಾಕುವವರು, ಮನೆ ನಲ್ಲಿಗೆ ಒಂದು ವಾಷರ್ ಹಾಕಲು ಆಗುವುದಿಲ್ಲ ಅಂತ. "ಬಂದೆ ತಾಯಿ, ಬಂದೆ" ಅಂತ ಸ್ಪಾನರ್ ಹಿಡಿದು ಕೂತರು. ನಾನು ಒಳಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ಸ್ಪಾನರ್ ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿ, ಏನು ಬೀಳಿಸಿದಿರಿ ಅಂತ ಕೂಗಿಕೊಂಡೇ ಬಂದೆ. ಗೋಡೆಗೆ ಒರಗಿ ಕೂತ ಹಾಗೆಯೇ ಇದ್ದರು. ಬಿಚ್ಚಿದ ನಲ್ಲಿಯಿಂದ ನೀರು ಸುರಿದು ಅವರ ಪಂಚೆಯೆಲ್ಲ ನೆನೆದುಹೋಗಿತ್ತು. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಕ್ಕದ ಮನೆಯಾಕೆ ಅಳುತ್ತಲೇ ಬಂದು ಆ ನೀರಿಗೆ ಒಂದು ಬಿಂದಿಗೆ ಇಟ್ಟಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಆವತ್ತಿನಿಂದ ನನ್ನ ಬಾಯಿ ಕಟ್ಟಿಹೋಯಿತು. ಅತ್ತೆನೋ ಇಲ್ಲವೋ ನೆನಪಿಲ್ಲ, ಮಾತಂತೂ ಹೊರಡಲಿಲ್ಲ. ಭಾವ ಬಂದು ಹೆಣದ ಕಾಲ ಹತ್ತಿರ ಕೂತು, ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಏನನ್ನೋ ಕಾಯುತ್ತಿದ್ದರು ಅಂತ ನನಗೆ ಗೊತ್ತಿತ್ತು. ಉಪ್ಪು ಹೆಚ್ಚಾದರೆ, ಬಸ್ಸು ತಪ್ಪಿದರೆ, ಕೊಡೆ ಮರೆತರೆ ಬೈಯುವವಳು ಇದಕ್ಕೆ ಬೈಯದೆ ಇರುತ್ತಾಳೆಯೇ? ನಾನು ಬೈಯಲಿಲ್ಲ. ಯಾರನ್ನೂ ಬೈಯುವ ಶಕ್ತಿ ನನ್ನಲ್ಲಿರಲಿಲ್ಲ. ಅವರು ಅದನ್ನು ಬೇರೆ ರೀತಿ ತಿಳಿದುಕೊಂಡರು. ಲೈನಿನ ಹೆಂಗಸರು ಹಿಂದೆ ನಿಂತು, ಅಸಲಿ ಮಾತ್ರೆಯಂತೆ, ಹಣ್ಣು ತಿನ್ನಿಸಿ ನಿಲ್ಲುವ ಹಾಗಾಯಿತಂತೆ, ನಿಂತಿದ್ದಕ್ಕೇ ಹೀಗಾಯಿತಂತೆ ಅಂತ ಮಾತಾಡಿಕೊಂಡರು. ಭಾವ ಎಲ್ಲವನ್ನೂ ಕೇಳಿಸಿಕೊಂಡು ತಲೆ ತಗ್ಗಿಸಿದರು. ಮಣ್ಣು ಮಾಡಿ ಬಂದ ಮೇಲೆ ಒಂದು ಸಲ ನನ್ನ ಹತ್ತಿರ ಬಂದು, "ಏನಾದ್ರೂ ಅನ್ನಮ್ಮಾ" ಅಂದರು. ನಾನು ಎದ್ದು ಒಳಗೆ ಹೋದೆ.

ಆಮೇಲೆ ಅವರು ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ರಾಗಿ, ಅವರೆಕಾಯಿ, ತುಪ್ಪ ಎಲ್ಲ ಬಸ್ಸಿನವರ ಕೈಲಿ ಬರುತ್ತಿತ್ತು. ತಿಥಿಗೆ ಬಂದರೂ ನೀರು ಮುಟ್ಟದೆ ಹೋಗುತ್ತಿದ್ದರು.

ನಾನು ಮಾತ್ರೆ ಮೇಡಂ ಬೆನ್ನು ಬಿಡಲಿಲ್ಲ. ಯಾವ ಮಾತ್ರೆ ಕೊಟ್ಟಿರಿ ನನ್ನ ಗಂಡನಿಗೆ? ಅಷ್ಟು ಹೇಳಿ ಸಾಕು. ಸ್ಟಡಿ ಇನ್ನೂ ನಡೆಯುತ್ತಿದೆ, ಮುಗಿಯುವವರೆಗೂ ತೆರೆದು ನೋಡುವ ಹಾಗಿಲ್ಲ, ನನ್ನ ಕೈಲಿಲ್ಲಮ್ಮ ಅನ್ನುತ್ತಿದ್ದಳು. ಸತ್ತವರ ವಿಷಯದಲ್ಲಿ ಇನ್ನೇನು ಮುಚ್ಚುಮರೆ? ಯಾವ ಉತ್ತರ ಬೇಕಾಗಿತ್ತು ನನಗೆ? ಅಸಲಿ ಅಂದರೆ, ಅನ್ನದ ಜೊತೆ ವಿಷ ಇಕ್ಕಿದ ಹಾಗಾಯಿತು ನಮ್ಮ ಪ್ರೀತಿ. ಸಪ್ಪೆ ಅಂದರೆ, ಆ ಮನುಷ್ಯ ದಿನಾ ಏನೂ ಇಲ್ಲದ್ದನ್ನು ನುಂಗಿ, ಎದೆ ಸವರಿಕೊಂಡು, ಉರಿ ಇಳೀತಾ ಐತೆ ಅಂತ ಖುಷಿಪಟ್ಟಿದ್ದ. ಎರಡರಲ್ಲಿ ಯಾವುದನ್ನು ನೆನೆದರೂ ಹೊಟ್ಟೆ ಉರಿದುಹೋಗುತ್ತಿತ್ತು. ಅಂಗನವಾಡಿಯ ಮಕ್ಕಳು ಟೀಚರ್ ಬೈಯಲ್ಲ ಅಂತ ಮೈಮೇಲೆ ಹತ್ತತೊಡಗಿದವು.

ಮೊನ್ನೆ ಎರಡನೇ ವರ್ಷದ ತಿಥಿ ಮುಗಿದ ಮೇಲೆ ಅವಳೇ ಫೋನು ಮಾಡಿದಳು. ಸ್ಟಡಿ ಮುಗಿದಿದೆ, ಡಾಕ್ಟರ ಒಪ್ಪಿಗೆ ಕೇಳಿ ನಿಮಗೆ ಹೇಳುತ್ತಿದ್ದೇನೆ ಅಂದಳು. "ಅಮ್ಮಾ, ಅವರಿಗೆ ಬಂದಿದ್ದು ಔಷಧಿ ಇಲ್ಲದ ಮಾತ್ರೆ."

"ಸಪ್ಪೆ?"

"ಸಪ್ಪೆ."

"ಹಾಗಾದರೆ ಆ ಹಣ್ಣು?"

"ಆ ಹಣ್ಣಿನಿಂದ ಏನೂ ಆಗಿಲ್ಲ. ಸೇರಿಕೊಳ್ಳೋಕೆ ಒಳಗೆ ಔಷಧೀನೇ ಇರಲಿಲ್ಲ. ನಿಲ್ಲಿಸಿದ್ದರಿಂದಲೂ ಏನೂ ಆಗಿಲ್ಲ."

"ಮತ್ತೆ ಹೊಟ್ಟೆ ಯಾಕೆ ಕೆಟ್ಟಿತು?"

"ಗೊತ್ತಿಲ್ಲಮ್ಮ. ನೀರಿನಿಂದ ಇರಬಹುದು."

ಆ ಔಷಧಿ ಬಂದವರಾದರೂ ಉಳಿದರಾ ಅಂತ ಕೇಳಿದೆ. ಅದನ್ನೆಲ್ಲ ಇನ್ನೂ ಲೆಕ್ಕ ಹಾಕುತ್ತಿದ್ದಾರೆ ಅಂದಳು. ಫೋನಿಟ್ಟು ಅಂಗನವಾಡಿಯ ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅಯ್ಯೋ ದೇವರೇ, ಏನೂ ಇರಲಿಲ್ಲವಲ್ಲ ಅದರಲ್ಲಿ. ಆಮೇಲೆ ನೆನಪಾದದ್ದು ಭಾವ. ಅವರ ತಪ್ಪು ಇಲ್ಲ, ಎಳ್ಳಷ್ಟೂ ಇಲ್ಲ. ಇದನ್ನು ಫೋನಿನಲ್ಲಿ ಹೇಳಬಾರದು, ಹೋಗಿ ಎದುರಿಗೆ ಕೂತು ಹೇಳಬೇಕು ಅಂತ ಮಾರನೆಯ ದಿನ ರಜೆ ಹಾಕಿದೆ. ಬಂಗಾರಪೇಟೆಯಲ್ಲಿ ಬೂದಿಕೋಟೆ ಬಸ್ಸು ಕಾಯುತ್ತಾ, ಕಿಟಕಿ ಪಕ್ಕ ಕೂತು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಒರಟು ಮಾತು ಒಂದೂ ಬರಬಾರದು. ನೊಂದ ಜೀವ, ಮೆತ್ತಗೆ ಹೇಳಬೇಕು.

ಭಾವ ಕೊಟ್ಟಿಗೆಯಲ್ಲಿ ಹಸುವಿನ ಮೈ ತೊಳೆಯುತ್ತಿದ್ದರು. ಬಹಳ ಇಳಿದುಹೋಗಿದ್ದರು. ಹಿಂದೆ ತಿಪ್ಪೆ ಪಕ್ಕ ಮರದ ತುಂಬ ಹಣ್ಣು, ನೆಲದ ಮೇಲೂ ಬಿದ್ದು ಒಡೆದು ಕೊಳೆತ ಹಣ್ಣು, ನೊಣ. ಯಾರೂ ಮುಟ್ಟುವ ಹಾಗಿಲ್ಲ, ಹಸುವಿಗೂ ಹಾಕುವ ಹಾಗಿಲ್ಲ ಅಂತ ಕಟ್ಟಪ್ಪಣೆ ಮಾಡಿದ್ದಾರೆ ಅಂತ ಅಕ್ಕ, ಅವರ ಹೆಂಡತಿ, ನನ್ನ ಕಿವಿಯಲ್ಲಿ ಹೇಳಿದಳು.

ನಾನು ಭಾವನನ್ನು ಜಗುಲಿಯ ಮೇಲೆ ಕೂರಿಸಿ, ನಾನೂ ಕೆಳಗೆ ಕೂತು, ಹುಟ್ಟಿದಾಗಿನಿಂದ ಯಾರೊಂದಿಗೂ ಆಡದಷ್ಟು ನಯವಾಗಿ ಹೇಳಿದೆ. "ಭಾವ, ಆಸ್ಪತ್ರೆಯಿಂದ ಫೋನು ಬಂದಿತ್ತು. ನಿಮ್ಮ ತಮ್ಮನಿಗೆ ಕೊಟ್ಟಿದ್ದು ಸಪ್ಪೆ ಮಾತ್ರೆಯಂತೆ. ನಿಮ್ಮ ಹಣ್ಣಿನಿಂದ ಏನೂ ಆಗಿಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ಅವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ನನ್ನ ತಲೆ ಮೇಲೆ ಇಟ್ಟರು.

"ನಿನ್ ಮನ್ಸು ದೊಡ್ಡದು ಕಣಮ್ಮಾ. ನನ್ ಸಮಾಧಾನಕ್ಕೆ ಅಷ್ಟು ದೂರದಿಂದ ಬಂದಿದೀಯ."

"ಇಲ್ಲ ಭಾವ, ನಿಜ. ಆ ಹುಡುಗಿಯೇ ಹೇಳಿದ್ದು."

"ಸಪ್ಪೆ ಆಗಿದ್ರೆ ಒಟ್ಟೆ ಯಾಕೆ ಕೆಡ್ತಿತ್ತು? ಮಗ ಸಾಯೋಕ್ಮುಂಚೆ ಅವ್ನೇ ಏಳವ್ನೆ." ನಿಧಾನವಾಗಿ ನಕ್ಕರು. "ನೀನು ನೈಸಾಗಿ ಮಾತಾಡಿದ್ರೆ ಏನು ಅಂತಾನೂ ಅವ್ನೇ ಏಳವ್ನೆ. ಬೈದು ಏಳಿದ್ರೆ ನಂಬ್ತಿದ್ದೆ."

ನನ್ನೊಳಗೆ ಎರಡು ವರ್ಷದಿಂದ ಕಟ್ಟಿಕೊಂಡಿದ್ದದ್ದು ಆಗ ಒಡೆಯಿತು. ಎದ್ದು ನಿಂತು ಬಾಯಿಗೆ ಬಂದ ಹಾಗೆ ಕೂಗಿದೆ. "ಥೂ, ನಿಮ್ಮ ತಲೆಗೆ ಏನು ಸಗಣಿ ತುಂಬಿಕೊಂಡಿದ್ದೀರಾ? ಎರಡು ವರ್ಷದಿಂದ ಮುಖ ಮುಚ್ಚಿಕೊಂಡು ಕೂತಿದ್ದೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ಒಂದು ಚೀಲ ಹಣ್ಣು ತಂದೆ ಅಂತ ಯಮನೇ ಆಗಿಬಿಟ್ಟಿರಾ ನೀವು? ಸಪ್ಪೆ ಮಾತ್ರೆ ಅದು, ಬರೀ ಸೀಮೆಸುಣ್ಣ! ಕೇಳಿಸ್ತಾ? ಸೀಮೆಸುಣ್ಣ! ನಿಮ್ಮ ತಮ್ಮ ಸತ್ತಿದ್ದು ಅವರ ಎದೆ ನಿಂತು, ನಿಮ್ಮ ಹಾಳು ಚಕ್ಕೋತದಿಂದಲ್ಲ!" ಇನ್ನೂ ಏನೇನು ಅಂದೆನೋ. ಹಸುಗಳು ಹಗ್ಗ ಜಗ್ಗಿ ಹಿಂದೆ ಸರಿದವು. ಅಕ್ಕ ಓಡಿ ಬಂದು ನನ್ನ ರಟ್ಟೆ ಹಿಡಿದಳು.

ಭಾವ ತಲೆ ತಗ್ಗಿಸಿ, ಕೈ ಕಟ್ಟಿಕೊಂಡು, ಅಷ್ಟನ್ನೂ ಕೇಳಿದರು. ಒಂದೊಂದು ಮಾತಿಗೂ ಹೂಂ ಹೂಂ ಅನ್ನುತ್ತಿದ್ದರು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ತಲೆ ಎತ್ತಿದರು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಬೆನ್ನ ಮೇಲಿನ ಮೂಟೆ ಇಳಿಸಿದವರ ಹಾಗೆ ಉದ್ದಕ್ಕೆ ಉಸಿರು ಬಿಟ್ಟರು.

"ಅಂತೂ ಬೈದೆಯಲ್ಲಮ್ಮಾ. ಸಾಕು. ಇದನ್ನೇ ಕಾಯ್ತಾ ಇದ್ದೆ."

"ಭಾವ, ನಾನು ಹೇಳಿದ್ದು ಕೇಳಿಸಿತಾ? ಸಪ್ಪೆ ಮಾತ್ರೆ ಅಂದೆ."

"ಕೇಳಿಸ್ತಮ್ಮಾ, ಎಲ್ಲಾ ಕೇಳಿಸ್ತು. ನನ್ ತಪ್ಪಿಗೆ ನೀನು ಅಷ್ಟಾದ್ರೂ ಬೈಬೇಕಿತ್ತು." ಅಕ್ಕನ ಕಡೆ ತಿರುಗಿದರು. "ಏಯ್, ಟೀಚರಮ್ಮಂಗೆ ಕಾಫಿ ಇಡೇ. ಬೈದ್ಬುಟ್ಲು ಕಣೇ, ಕೊನೇಗೂ ಬೈದ್ಬುಟ್ಲು."